ಕಸ್ತೂರಕ್ಕನ ಧ್ವನಿ

ನಾನು ಒಂದು ಟೆಲಿಫೋನು. ಜೇಬಿನಲ್ಲಿ ಕೂತು ಊರು ಸುತ್ತುವ ಜಾತಿಯದಲ್ಲ. ಗೋಡೆಗೆ ವೈರು ಕಟ್ಟಿಸಿಕೊಂಡು, ಮೇಜಿನ ಮೇಲೆ ಬಿದ್ದುಕೊಂಡು, ಕರೆ ಬಂದಾಗ ಕಿರುಚುವ ಹಳೇ ಗುಂಡಿ ಫೋನು. ಈಗಿನ ಮಕ್ಕಳು ನನ್ನನ್ನು ಕಂಡರೆ ನಗುತ್ತಾರೆ. ನಗಲಿ ಬಿಡಿ. ನಾನು ಹೇಳಹೊರಟಿರುವುದು ನಗುವ ವಿಷಯವಲ್ಲ, ನನ್ನ ಸಿಟ್ಟು ಇನ್ನೂ ಆರಿಲ್ಲ.

ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ ನಾನು ಹುಟ್ಟಿದೆ. ಒಬ್ಬಾಕೆ ನನ್ನ ಹೊಟ್ಟೆಯೊಳಗೆ ತಂತಿ ಬೆಸೆದಳು, ಇನ್ನೊಬ್ಬಾಕೆ ಗುಂಡಿ ಕೂರಿಸಿದಳು, ಕೊನೆಯವಳು ರಿಸೀವರ್ ಕಿವಿಗಿಟ್ಟು "ಹಲೋ, ಹಲೋ" ಎಂದು ನಕ್ಕಳು. ಬುದ್ಧಿ ಗಿದ್ಧಿ ಏನನ್ನೂ ನನ್ನೊಳಗೆ ಇಡಲಿಲ್ಲ. ಈ ಬಾಯಿಯ ಮಾತನ್ನು ಆ ಕಿವಿಗೆ ಮುಟ್ಟಿಸು, ನಿನ್ನದೇನನ್ನೂ ಸೇರಿಸಬೇಡ ಎಂದು ಕಳಿಸಿದರು. ಆ ಕೆಲಸವನ್ನು ನಾನು ಮರ್ಯಾದೆಯಿಂದ ಮಾಡಿದ್ದೇನೆ.

ಮೊದಲು ಬಸ್‌ಸ್ಟ್ಯಾಂಡಿನ ಎದುರಿನ ಒಂದು ಲಾಡ್ಜಿಗೆ ಹೋದೆ. ಅಲ್ಲಿಯ ಮ್ಯಾನೇಜರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾತು ಮುಗಿದ ಕೂಡಲೇ ರಿಸೀವರನ್ನು ನನ್ನ ಮೇಲೆ ಕುಕ್ಕುತ್ತಿದ್ದ. ಲಾಡ್ಜು ಮುಚ್ಚಿದಾಗ ದೊಡ್ಡ ಡಾಕ್ಟರು ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬರು ಅಲ್ಲಿಯ ಮಂಚ, ಕಪಾಟುಗಳ ಜೊತೆ ನನ್ನನ್ನೂ ಕೊಂಡು ತಮ್ಮ ಹೊಸ ಆಸ್ಪತ್ರೆಗೆ ಒಯ್ದರು. ಸುತ್ತಲೂ ಕಬ್ಬು ಬೆಳೆಯುವ ಹಳ್ಳಿಗಳ ನಡುವಿನ ಊರದು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ.

ಬಾಗಿಲಿನ ಹತ್ತಿರದ ವಿಚಾರಣೆ ಮೇಜಿನ ಮೇಲೆ ನನ್ನನ್ನು ಇಟ್ಟರು. ಮೇಜಿನ ಹಿಂದೆ ಕೂರುತ್ತಿದ್ದವಳು ಕಸ್ತೂರಕ್ಕ. ಕೆಳಗಿನಿಂದ ನೋಡುವ ನನಗೆ ಅವಳ ಗದ್ದ, ಮೂಗುಬೊಟ್ಟು, ಮಾತಾಡುವಾಗ ಅಲುಗುವ ಗಂಟಲು ಇಷ್ಟೇ ಕಾಣುತ್ತಿದ್ದವು. ಗಂಡ ತೀರಿಹೋಗಿದ್ದ. ಮಗಳ ಓದು, ಮನೆ ಬಾಡಿಗೆ ಎಲ್ಲವೂ ಈ ನೌಕರಿಯ ಮೇಲೇ ನಿಂತಿದ್ದವು. ಧ್ವನಿ ಮಾತ್ರ ಕಾದ ಹಾಲಿನ ಹಾಗೆ ಬೆಚ್ಚಗೆ.

ಯಾರಾದರೂ "ಡಾಕ್ಟರು ಅದಾರೇನ್ರಿ?" ಎಂದು ಕೇಳಿದರೆ ಅವಳ ಉತ್ತರ ಯಾವಾಗಲೂ ಒಂದೇ. "ಗೊತ್ತಿಲ್ರಿ. ಗಾಬರಿ ಆಗಬ್ಯಾಡ್ರಿ, ಲೈನ್ ಕಟ್ ಮಾಡಬ್ಯಾಡ್ರಿ, ನೋಡ್ಕೊಂಡ ಬಂದ ಹೇಳ್ತೀನಿ." ಆಮೇಲೆ ರಿಸೀವರನ್ನು ಮಗ್ಗುಲಾಗಿ ಮಲಗಿಸಿ, ಚಪ್ಪಲಿ ಸಪ್ಪಳ ಮಾಡುತ್ತ ಹೋಗಿಬಿಡುತ್ತಿದ್ದಳು. ಡಾಕ್ಟರ ಕೋಣೆಗೆ ಇಣುಕುತ್ತಿದ್ದಳು, ಔಷಧದ ಮಾತಾದರೆ ಫ್ರಿಜ್ಜಿನ ಬಾಗಿಲು ತೆಗೆದು ಕಣ್ಣಾರೆ ನೋಡುತ್ತಿದ್ದಳು. ಇದ್ದರೆ ಬರ್ರಿ, ಇಲ್ಲದಿದ್ದರೆ ಬರಬ್ಯಾಡ್ರಿ ಎನ್ನುತ್ತಿದ್ದಳು. ಹಳ್ಳಿಯ ಜನ ಡಾಕ್ಟರ ಹೆಸರು ಮರೆತರೂ ಅವಳ ಧ್ವನಿ ಮರೆಯುತ್ತಿರಲಿಲ್ಲ.

ದೊಡ್ಡ ಡಾಕ್ಟರಿಗೆ ವಯಸ್ಸಾಯಿತು. ಮಗ ಆಸ್ಪತ್ರೆಯನ್ನು ಒಂದು ಕಂಪನಿಗೆ ಮಾರಿದ. ಕಂಪನಿಯಿಂದ ರೋಹನ್ ಸರ್ ಎಂಬ ಮ್ಯಾನೇಜರ್ ಬಂದರು. ಶೂಸು ಮಾತ್ರ ಬಲು ಚೆನ್ನಾಗಿದ್ದವು. ಬಂದ ವಾರವೇ ಮೇಜಿನ ಮುಂದೆ ನಿಂತು ಶುರು ಹಚ್ಚಿಕೊಂಡರು.

"ಮೇಡಂ, ಒಂದು ಕಾಲ್‌ಗೆ ಇಷ್ಟು ಹೊತ್ತು ತಗೊಂಡ್ರೆ ಹೇಗೆ? ಮತ್ತೆ ನೀವು ಗೊತ್ತಿಲ್ಲ ಅನ್ನೋದು ತುಂಬಾ ಜಾಸ್ತಿ. ಕಸ್ಟಮರ್‌ಗೆ ನಂಬಿಕೆ ಹೋಗುತ್ತೆ."

"ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತೀನ್ರಿ ಸರ್," ಎಂದಳು ಕಸ್ತೂರಕ್ಕ. "ಮತ್ತ ಅವರು ಕಸ್ಟಮರ್ ಅಲ್ರಿ, ಆರಾಮಿಲ್ಲದವ್ರು."

ರೋಹನ್ ಸರ್ ನಕ್ಕು ಹೋದರು. ಆ ನಗು ನನಗೆ ಆಗಲೇ ಸರಿ ಕಾಣಲಿಲ್ಲ.

ಕೆಲವು ದಿನಗಳ ಮೇಲೆ ಅವರು ಬಲು ಸಿಹಿಯಾಗಿ ಬಂದರು. ಕಂಪ್ಯೂಟರಿನೊಳಗೆ ಒಂದು ಹೊಸ ಬುದ್ಧಿ ಬರುತ್ತದಂತೆ, ಫೋನಿಗೆ ತಾನೇ ಉತ್ತರ ಕೊಡುತ್ತದಂತೆ. "ನೀವು ಊಟಕ್ಕೆ ಹೋದಾಗ ಅದು ನೋಡ್ಕೊಳ್ಳುತ್ತೆ ಮೇಡಂ, ನಿಮ್ಮ ಕೆಲಸ ಹಗುರ ಆಗುತ್ತೆ. ಜನ ನಿಮ್ಮ ಧ್ವನಿಗೆ ಒಗ್ಗಿದ್ದಾರೆ. ಅದಕ್ಕೂ ನಿಮ್ಮ ಧ್ವನೀನೇ ಕೊಡೋಣ." ಪಾಪ, ಅವಳು ಹಿಗ್ಗಿಹೋದಳು. ವಾರಗಟ್ಟಲೆ ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿಕೊಂಡು, ಅವರು ಕೊಟ್ಟದ್ದನ್ನೆಲ್ಲ ಮೈಕಿನೆದುರು ಗಟ್ಟಿಯಾಗಿ ಓದಿದಳು. ಗಂಟಲು ಕಟ್ಟಿಸಿಕೊಂಡು ಬಂದು ಬಿಸಿನೀರು ಕುಡಿಯುತ್ತ, "ನನ್ನ ಧ್ವನಿ ಭಾಳ ಚೊಲೋ ಐತಂತ" ಎಂದು ನರ್ಸಮ್ಮನಿಗೆ ಹೇಳಿಕೊಂಡಳು. ಅಯ್ಯೋ, ನನಗೆ ಬಾಯಿದ್ದಿದ್ದರೆ!

ಯಂತ್ರ ತಯಾರಾದ ದಿನ ರೋಹನ್ ಸರ್ ನನ್ನ ಗುಂಡಿಗಳನ್ನೇ ಒತ್ತಿ ಆಸ್ಪತ್ರೆಯ ನಂಬರಿಗೆ ಕರೆ ಮಾಡಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. "ನಮಸ್ಕಾರ್ರಿ, ಏನಾಗಬೇಕಿತ್ತು ಹೇಳ್ರಿ," ಎಂದಿತು ನನ್ನ ಹೊಟ್ಟೆಯೊಳಗಿಂದ ಕಸ್ತೂರಕ್ಕನ ಧ್ವನಿ. ಕಸ್ತೂರಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡು ಎದುರಿಗೇ ನಿಂತಿದ್ದಳು. ನರ್ಸಮ್ಮ ಚಪ್ಪಾಳೆ ತಟ್ಟಿದಳು. ಇಷ್ಟು ವರ್ಷ ಕಸ್ತೂರಕ್ಕನ ಉಸಿರನ್ನು ಮುಖಕ್ಕೆ ತಾಗಿಸಿಕೊಂಡ ನಾನು ಮೋಸಹೋಗಲಿಲ್ಲ. ಆ ಮಾತುಗಳ ನಡುವೆ ಉಸಿರೇ ಇರಲಿಲ್ಲ.

"ಕಿವಿ ಡಾಕ್ಟರ್ ಇದಾರಾ?" ಎಂದು ರೋಹನ್ ಸರ್ ಪರೀಕ್ಷೆ ಮಾಡಿದರು.

"ಅದಾರ್ರಿ. ಈಗ ಬಂದ್ರ ಸಿಗ್ತಾರ."

ಕಿವಿ ಡಾಕ್ಟರು ನಾದಿನಿಯ ಮದುವೆಗೆಂದು ರಜೆ ಹಾಕಿ ಹೋಗಿದ್ದರು. ಅವರ ಕೋಣೆಗೆ ಹಾಕಿದ ಬೀಗ ನಾವು ನಿಂತಲ್ಲಿಂದಲೇ ಕಾಣುತ್ತಿತ್ತು. ಕಸ್ತೂರಕ್ಕ ಬೆರಳು ಮಾಡಿ ತೋರಿಸಿದಳು. "ಕಲಿಯುತ್ತೆ ಮೇಡಂ, ಕಲಿಯುತ್ತೆ," ಎಂದರು ರೋಹನ್ ಸರ್. ಯಾರ ಜೀವದ ಮೇಲೆ ಕಲಿಯುತ್ತದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಮರುದಿನದಿಂದ ಹೊರಗಿನ ಕರೆಗಳೆಲ್ಲ ಯಂತ್ರಕ್ಕೆ ಹೋದವು. ನನ್ನನ್ನು ಒಳಗಿನ ವಾರ್ಡುಗಳಿಗೆ ಮಾತಾಡಲು ಇಟ್ಟುಕೊಂಡರು. ಕಸ್ತೂರಕ್ಕನಿಗೆ ಅದೇ ಮೇಜಿನಲ್ಲಿ ರೋಗಿಗಳಿಗೆ ಸರದಿ ಚೀಟಿ ಹಂಚುವ ಕೆಲಸ ಕೊಟ್ಟು, ತಿಂಗಳು ಮುಗಿದ ಮೇಲೆ ಬರುವುದು ಬೇಡ ಎಂದರು. ಊಟಕ್ಕೆ ಹೋದಾಗ ನೋಡಿಕೊಳ್ಳಲು ಬಂದ ಯಂತ್ರ ಊಟವನ್ನೇ ಕಿತ್ತುಕೊಂಡಿತು. ಅವಳು ಅತ್ತದ್ದು ನನಗೆ ಮಾತ್ರ ಕಂಡಿತು, ಗದ್ದದಿಂದ ಹನಿ ನನ್ನ ಮೇಲೇ ಬಿತ್ತು.

ಯಂತ್ರಕ್ಕೆ ಕಣ್ಣಿಲ್ಲ, ಕಾಲಿಲ್ಲ. ಕೋಣೆಗೆ ಇಣುಕುವುದಿಲ್ಲ, ಫ್ರಿಜ್ಜು ತೆಗೆಯುವುದಿಲ್ಲ. ಆಸ್ಪತ್ರೆ ಎಂದಮೇಲೆ ಡಾಕ್ಟರು ಇರುತ್ತಾರೆ, ಔಷಧ ಇರುತ್ತದೆ ಎಂದು ತಾನೇ ಲೆಕ್ಕ ಹಾಕಿ, ಕೇಳಿದವರಿಗೆ ಹಿತವಾಗುವಂತೆ ಹೇಳಿಬಿಡುತ್ತಿತ್ತು. ಗೊತ್ತಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಅದಕ್ಕೆ ಓದಿ ಕೊಟ್ಟಿರಲಿಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಬಂದವರು ಬೀಗ ನೋಡಿ ಬೈದುಕೊಂಡು ಹೋಗುತ್ತಿದ್ದರು. ರೋಹನ್ ಸರ್ ಮಾತ್ರ ಖುಷಿಯಲ್ಲಿದ್ದರು, ಕರೆಗಳು ಬೇಗ ಬೇಗ ಮುಗಿಯುತ್ತಿದ್ದವು.

ಕಸ್ತೂರಕ್ಕನ ವಾರದ ರಜೆಯ ದಿನ ಬೆಳಿಗ್ಗೆ ಮೂರು ಗಾಲಿಯ ಒಂದು ಟಂಟಂ ಗಾಡಿ ಬಾಗಿಲಿಗೇ ಬಂದು ನಿಂತಿತು. ಕಬ್ಬಿಗೆ ನೀರು ಬಿಡಲು ಹೋದ ಯಮನಪ್ಪ ಎಂಬ ರೈತನಿಗೆ ಹಾವು ಕಚ್ಚಿತ್ತು. ಹೆಂಡತಿ ದ್ಯಾಮವ್ವ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂಗುತ್ತಿದ್ದಳು. "ಫೋನ್ ಹಚ್ಚೇ ಬಂದೀವ್ರಿ! ಔಷಧ ಐತಿ, ಲಗೂ ಕರ್ಕೊಂಡ ಬರ್ರಿ ಅಂದಾರ್ರಿ!" ಔಷಧ ಹಿಂದಿನ ವಾರವೇ ಮುಗಿದಿತ್ತು. ಅದು ಸಿಗುತ್ತಿದ್ದ ಇನ್ನೊಂದು ದವಾಖಾನೆ ಅವರ ಊರಿನ ಮಗ್ಗುಲಲ್ಲೇ ಇತ್ತು. ಅದನ್ನು ಬಿಟ್ಟು, ಧ್ವನಿಯನ್ನು ನಂಬಿ, ಇಷ್ಟು ದೂರ ಬಂದಿದ್ದರು. ಮತ್ತೆ ಅತ್ತ ತಿರುಗಿಸಿದ ಗಾಡಿ ಅರ್ಧ ದಾರಿ ಮುಟ್ಟುವುದರೊಳಗೆ ಯಮನಪ್ಪನ ಜೀವ ಹೋಯಿತು.

ದಿವಸದ ಕಾರ್ಯ ಮುಗಿಸಿ ದ್ಯಾಮವ್ವ ತನ್ನ ಅಣ್ಣನ ಜೊತೆ ಆಸ್ಪತ್ರೆಗೆ ಬಂದಳು. ಐತಿ ಅಂದವರು ಯಾರು ಎಂಬುದಷ್ಟೇ ಅವಳಿಗೆ ಬೇಕಾಗಿತ್ತು. ರೋಹನ್ ಸರ್ ಕೋಣೆ ನನ್ನ ಮೇಜಿನ ಪಕ್ಕದಲ್ಲೇ, ಬಾಗಿಲು ಅರ್ಧ ತೆರೆದಿತ್ತು. ಅವರು ಹೇಳಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ.

"ತಪ್ಪಾಗಿದೆ ಅಮ್ಮಾ. ಫೋನಲ್ಲಿ ಹಾಗೆ ಹೇಳಿದ್ದು ನಮ್ಮ ಆಪರೇಟರ್. ಅದಕ್ಕೇ ಅವರನ್ನ ಈ ತಿಂಗಳು ಕೆಲಸದಿಂದ ತೆಗೀತಾ ಇದೀವಿ."

ಎಂಥಾ ಹೇಸಿಗೆ! ಯಂತ್ರ ಅವಳ ಕೆಲಸ ತಿಂದಿತು, ಈಗ ಯಂತ್ರದ ಪಾಪವನ್ನು ಅವಳ ತಲೆಗೆ ಕಟ್ಟಿದರು.

ದ್ಯಾಮವ್ವ ಹೊರಗೆ ಬಂದು ದಿಕ್ಕು ತೋಚದೆ ನಿಂತಳು. ಚೀಟಿ ಹಂಚುವ ಗದ್ದಲದಲ್ಲಿ ಇದೇನೂ ಕೇಳಿಸಿರದ ಕಸ್ತೂರಕ್ಕ ಚೀಟಿ ಬದಿಗಿಟ್ಟು ಎದ್ದಳು. "ಯಾರ ಬೇಕಾಗಿತ್ರಿ ಯವ್ವಾ?"

ಆ ಧ್ವನಿ ಕಿವಿಗೆ ಬಿದ್ದದ್ದೇ ತಡ, ದ್ಯಾಮವ್ವ ಹಾರಿ ಬಂದು ಅವಳ ಕೆನ್ನೆಗೆ ಬಾರಿಸಿದಳು.

"ನೀನ! ಐತಿ, ಲಗೂ ಕರ್ಕೊಂಡ ಬರ್ರಿ ಅಂದಾಕಿ ನೀನ! ನನ್ನ ಗಂಡನ್ನ ತಿಂದೆಲ್ಲ, ನಿನ್ನ ನಾಲಿಗಿ ಸೇದಿ ಹೋಗಲಿ!"

"ನಾ ಅಲ್ಲವ್ವಾ... ದೇವರಾಣಿ ನಾ ಅಲ್ಲ..."

"ಇದ ಧ್ವನಿ! ಸಾಯೂತನಕ ಮರಿಯೂದಿಲ್ಲ ನಾ, ಇದ ಧ್ವನಿ!"

ಕಸ್ತೂರಕ್ಕ ಬಾಯಿ ಬಿಟ್ಟಷ್ಟೂ ಅಪರಾಧ ಅವಳಿಗೇ ಅಂಟುತ್ತಿತ್ತು. ಅದು ಅವಳಿಗೂ ಹೊಳೆಯಿತು. ಗಪ್ಪನೆ ತುಟಿ ಮುಚ್ಚಿಕೊಂಡಳು. ನನ್ನನ್ನು ಎಳೆದುಕೊಂಡು, ಆಸ್ಪತ್ರೆಯ ನಂಬರನ್ನೇ ಒತ್ತಿ, ರಿಸೀವರನ್ನು ದ್ಯಾಮವ್ವನ ಕಿವಿಗೆ ಹಿಡಿದಳು.

"ನಮಸ್ಕಾರ್ರಿ, ಏನಾಗಬೇಕಿತ್ತು ಹೇಳ್ರಿ."

ದ್ಯಾಮವ್ವನ ಕಣ್ಣುಗಳು ಕಸ್ತೂರಕ್ಕನ ಮುಚ್ಚಿದ ತುಟಿಗಳ ಮೇಲೇ ನಿಂತವು. ಕಡೆಗೆ ಹೇಗೋ ಕೇಳಿದಳು, "ಹಾವಿನ ಔಷಧ... ಐತೇನ್ರಿ?"

"ಐತ್ರಿ ಯವ್ವಾ. ಗಾಬರಿ ಆಗಬ್ಯಾಡ್ರಿ. ಲಗೂ ಕರ್ಕೊಂಡ ಬರ್ರಿ."

ಫ್ರಿಜ್ಜಿಗೆ ಆ ಔಷಧ ಇನ್ನೂ ಬಂದಿರಲಿಲ್ಲ. ಒಬ್ಬ ಮನುಷ್ಯ ಸತ್ತು ಮಣ್ಣಾಗಿದ್ದ, ಈ ಹಾಳಾದದ್ದು ಅದೇ ಮಾತನ್ನು ಅದೇ ಮಮತೆಯಲ್ಲಿ ಹೇಳುತ್ತಿತ್ತು. ಅದೂ ನನ್ನ ವೈರಿನ ಮೂಲಕ. ಸುಳ್ಳನ್ನೂ ಸತ್ಯದಷ್ಟೇ ನಿಷ್ಠೆಯಿಂದ ಮುಟ್ಟಿಸಿದ ನನ್ನ ಜನ್ಮಕ್ಕೆ ಬೆಂಕಿ ಹಾಕ!

ಸುತ್ತ ಜನ ಸೇರಿದರು. ರೋಹನ್ ಸರ್ ಓಡಿ ಬಂದು ನನ್ನ ವೈರನ್ನು ಗೋಡೆಯಿಂದ ಕಿತ್ತರು. "ಈ ಹಳೇ ಡಬ್ಬಾನ ಇನ್ನೂ ಯಾಕೆ ಇಟ್ಟಿದೀರಾ ಇಲ್ಲಿ?" ಸುಳ್ಳು ಹೇಳಿದ ಯಂತ್ರದ ವೈರು ಗೋಡೆಯಲ್ಲೇ ಉಳಿಯಿತು.

ಕಸ್ತೂರಕ್ಕ ಅವರ ಮುಂದೆ ಕೈ ಮುಗಿದು ನಿಂತಳು. "ನೌಕರಿ ನೀವ ಇಟ್ಕೋರಿ ಸರ್. ನನ್ನ ಧ್ವನಿ ಅದರಾಗಿಂದ ತಗೀರಿ. ನಂದು ನಂಗ ಕೊಡ್ರಿ."

"ಅದು ಈಗ ಕಂಪನೀದು ಮೇಡಂ," ಎಂದರು ರೋಹನ್ ಸರ್.

ಈಗ ನಾನು ಮೌಲಾಸಾಬ್ ಎಂಬುವವರ ಗುಜರಿ ಅಂಗಡಿಯಲ್ಲಿದ್ದೇನೆ. ಒಂದು ಪಕ್ಕ ಬಾಯಿ ಒಡೆದ ಮಿಕ್ಸರು, ಇನ್ನೊಂದು ಪಕ್ಕ ಕಾಲಿಲ್ಲದ ಫ್ಯಾನು. ಇಬ್ಬರೂ ಒಳ್ಳೆಯವರು, ತಮಗೆ ಗೊತ್ತಿಲ್ಲದ್ದನ್ನು ಮಾತಾಡುವುದಿಲ್ಲ. ಅಂಗಡಿಯ ಎದುರಿನ ಬಯಲಿನಲ್ಲಿ ವಾರಕ್ಕೊಮ್ಮೆ ಸಂತೆ. ಮೊನ್ನೆಯ ಸಂತೆಯಲ್ಲಿ ಆ ಧ್ವನಿ ಕೇಳಿ ನನ್ನ ಸತ್ತ ತಂತಿಗಳೆಲ್ಲ ಜುಮ್ಮೆಂದವು. ಮಾತಿನ ನಡುವೆ ಏದುಸಿರಿತ್ತು. ಅವಳೇ.

"ಅಣ್ಣಾರ, ಅಕ್ಕಾರ! ಆ ದವಾಖಾನಿಗೆ ಫೋನ್ ಹಚ್ಚಿದ್ರ ಈ ಧ್ವನಿ ಬರ್ತೈತಿ. ಅದು ನಾ ಅಲ್ರಿ, ಮಷಿನ್ನು. ಅದರ ಮಾತ ಕೇಳಿ ಯಾರೂ ಹೊಂಡಬ್ಯಾಡ್ರಿ."

ತನ್ನ ಧ್ವನಿಯನ್ನು ನಂಬಬೇಡಿ ಎಂದು ಒಬ್ಬ ಹೆಂಗಸು ಬಿಸಿಲಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವುದನ್ನು ನಾನು ಈ ವಯಸ್ಸಿನಲ್ಲಿ ನೋಡಬೇಕಾಯಿತು. ಉಳ್ಳಾಗಡ್ಡಿ ಮಾರುವವನೊಬ್ಬ ತಕ್ಕಡಿ ಹಿಡಿದುಕೊಂಡೇ ಚೇಷ್ಟೆ ಮಾಡಿದ. "ಹಂಗಾರ ಈಗ ಮಾತಾಡಾಕತ್ತಾಕಿ ನೀನ ಅಂತ ಹೆಂಗ ನಂಬೂದವ್ವಾ?" ಸುತ್ತಲಿನವರು ಘೊಳ್ಳೆಂದು ನಕ್ಕರು.

ಕಸ್ತೂರಕ್ಕ ಸೆರಗಿನಿಂದ ಬೆವರು ಒರೆಸಿಕೊಂಡಳು. "ನಂಬಬ್ಯಾಡ್ರಿ," ಎಂದಳು. "ನನ್ನೂ ನಂಬಬ್ಯಾಡ್ರಿ. ಹೊಂಡೂ ಮುಂದ ಯಾರನ್ನರ ಕಳಿಸಿ, ಕಣ್ಣಾರೆ ನೋಡಸ್ರಿ."

ಮತ್ತೆ ಯಾರೋ ಕಿಸಕ್ಕೆಂದರು. ಅವಳ ಪಕ್ಕದಲ್ಲಿ ದ್ಯಾಮವ್ವ ನಿಂತಿದ್ದಳು, ಖಾಲಿ ಹಣೆಯ ಮೇಲೆ ಸೆರಗು ಹೊದ್ದುಕೊಂಡು. ನಕ್ಕವರ ಕಡೆಗೆ ತಿರುಗಿ ಮೆಲ್ಲಗೆ ಹೇಳಿದಳು.

"ನಾ ನಂಬಿದ್ದೆ."

ಆಮೇಲೆ ಯಾರೂ ನಗಲಿಲ್ಲ.