ಹಳದಿ ಕಾಲಿನ ಪಾರಿವಾಳ

ಸರ್ವೋತ್ತಮ ಎರಡು ಹಸುರು ಪಾರಿವಾಳಗಳನ್ನು ಅಡುಗೆಮನೆಯ ಹಲಗೆಯ ಮೇಲೆ ಎಸೆದ. ಒಂದರ ಕತ್ತು ಇನ್ನೂ ಮಿಡುಕುತ್ತಿತ್ತು. ಹಿಡಿದು ತಿರುವಿದ, ಲಟಕ್ಕೆಂದಿತು.

"ಅಣ್ಣನಿಗೆ ಇಷ್ಟದ್ದು, ಅತ್ತಿಗೆ. ಇವತ್ತು ಅವನ ಎಲೆಗೆ ಇದೇ ಆಗ್ಬೇಕು."

ಆಟಿ ತಿಂಗಳು. ಮಣ್ಣಗುಡ್ಡದ ಆ ಮನೆಯಲ್ಲಿ ಸತ್ತವರಿಗೆ ಬಾಳೆಲೆ ಹಾಕಿ, ಅವರು ಇಷ್ಟಪಟ್ಟದ್ದನ್ನು ಬಡಿಸುವ ದಿನ. ತಾರಾನಾಥನಿಗೆ ಇದು ಮೊದಲ ಎಲೆ. ಎಮರ್ಜೆನ್ಸಿ ಹೋದ ಬೇಸಗೆಯಲ್ಲಿ, ತಮ್ಮನ ಜೊತೆ ಕೊಟ್ಟಾರದ ಗುಡ್ಡಕ್ಕೆ ಬೇಟೆಗೆ ಹೋದವನು ಎದೆ ತುಂಬ ಕೋವಿಯ ಚರೆ ಹೊಕ್ಕು ಚಾಪೆಯಲ್ಲಿ ಮನೆಗೆ ಬಂದಿದ್ದ. ಅವನ ಹೆಂಡತಿ ಶಶಿಪ್ರಭಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಆಕಸ್ಮಿಕ ಎಂದರು, ಸರಿ ಎಂದಿದ್ದಳು. ಇವತ್ತು ಕೇಳಿದಳು.

"ಹೇಗಾಯಿತು, ಸರ್ವೋತ್ತಮ?"

"ಎಂತ ಹೇಳುವುದು? ಗೋಳಿಮರದ ಬುಡದಲ್ಲಿ ಹಕ್ಕಿ ಬಿದ್ದ ಹಣ್ಣು ಹೆಕ್ಕುತ್ತಾ ಇತ್ತು. ಕೋವಿ ತಗ್ಗಿಸಿ ಹೊಡೆದೆ. ಪೊದೆಯ ಹಿಂದೆ ಅಣ್ಣ ಇದ್ದದ್ದು ಕಾಣ್ಲಿಲ್ಲ. ಒಂದೇ ಈಡು, ಹಕ್ಕಿಗೂ ಅವನಿಗೂ."

"ಆ ದಿನ ಹೊಡೆದದ್ದು ಅದೊಂದೇ ಹಕ್ಕಿಯಾ?"

"ಒಂದೇ. ಚೀಲದಲ್ಲಿ ನೀವೇ ನೋಡಿದ್ದಿರಲ್ಲ."

ನೋಡಿದ್ದಳು. ಚಾಪೆಯ ಪಕ್ಕದ ಚೀಲದಿಂದ ಎರಡು ಕಾಲು ಹೊರಗೆ ಚಾಚಿದ್ದವು. ಹಳದಿ. ಈ ಹಲಗೆಯ ಮೇಲಿನವುಗಳ ಹಾಗೆಯೇ.

ನೆಲದಲ್ಲಿ ನಡೆದು ಉದುರಿದ್ದನ್ನು ಹೆಕ್ಕುವುದು ಪಚ್ಚೆ ಪಾರಿವಾಳ. ಅದೂ ಹಸುರೇ, ಆದರೆ ಕೊಕ್ಕು, ಕಾಲು ಕೆಂಪು. ಹಳದಿ ಕಾಲಿನದು ಮರದ ತುದಿಯಲ್ಲೇ ತಿನ್ನುತ್ತದೆ. ಬಿದ್ದ ಹಣ್ಣಿಗೆ ಇಳಿಯುವುದಿಲ್ಲ. ಅದನ್ನು ಕೆಡವಿದ ಈಡು ಆಕಾಶಕ್ಕೆ ಹೋಗಿತ್ತು. ತಾರಾನಾಥನ ಎದೆಗೆ ಹೋದದ್ದು ಇನ್ನೊಂದು.

ಸರ್ವೋತ್ತಮನದು ಒಂಟಿ ನಳಿಗೆಯ ಕೇಪಿನ ಕೋವಿ. ಪ್ರತಿ ಈಡಿಗೂ ನಳಿಗೆಯ ಬಾಯಿಗೆ ಮದ್ದು ಸುರಿದು, ಚರೆ ಹಾಕಿ, ಗಜದ ಸರಳಿನಿಂದ ಜಡಿಯಬೇಕು. ಅಷ್ಟು ಹೊತ್ತೂ ತಾರಾನಾಥ ಅಲ್ಲೇ ಇದ್ದ. ಹಕ್ಕಿಯನ್ನು ಚೀಲಕ್ಕೆ ಹಾಕಿ, ನಗುತ್ತಾ ತಮ್ಮನತ್ತ ತಿರುಗಿದ್ದನೇನೋ. ಹೈವೇ ಬದಿಯ, ಕುಟುಂಬದ ಆ ಗುಡ್ಡವನ್ನು ಮಾರಲು ಅವನೊಬ್ಬ ಒಪ್ಪಿರಲಿಲ್ಲ.

"ಎಂತ ನೋಡ್ತೀರಿ ಅತ್ತಿಗೆ? ಕಾಲೇಜಿನಲ್ಲಿ ಕಪ್ಪೆ ಕೊಯ್ದ ಹಾಗೆ ಅಲ್ಲ ಮಾರಾಯ್ರೆ, ಬೇಗ ಕೊಚ್ಚಿ!" ಸರ್ವೋತ್ತಮ ನಕ್ಕು, ಹಕ್ಕಿಯ ಕಾಲುಗಳನ್ನು ಎಳೆದು ಹಲಗೆಗೆ ಒತ್ತಿ ಹಿಡಿದ.

ಕತ್ತಿ ಎತ್ತಿದಳು. ಇಳಿಸಿದಳು. ಹಳದಿ ಕಾಲುಗಳ ಜೊತೆ ಅವನ ತೋರುಬೆರಳೂ ಹಾರಿ ಒಲೆಯ ಬೂದಿಗೆ ಬಿತ್ತು.

ಕಿರಿಚಾಟಕ್ಕೆ ಅತ್ತೆ ಜಲಜಾಕ್ಷಿ ಓಡಿ ಬಂದರು. "ಎಂತ ಆಯ್ತು ಮಗಾ? ಅಯ್ಯೋ, ಎಂತ ಮಾಡಿದಿ ನೀನು?"

"ಹಕ್ಕಿ ಅಂತ ಎಣಿಸಿದೆ, ಅತ್ತೆ," ಎಂದಳು ಶಶಿಪ್ರಭಾ. "ಇವನ ಕೈ ಇದ್ದದ್ದು ಕಾಣ್ಲಿಲ್ಲ."

ಕತ್ತಿಯನ್ನು ಕೆಳಗಿಡಲಿಲ್ಲ.