ಅಳತೆಗೆ ಕೊಟ್ಟ ರವಿಕೆ

ಮದುವೆಯ ರವಿಕೆ ಪ್ರಭಾವತಿಯ ಎಡಭುಜದಿಂದ ಮೂರನೆಯ ಸಲವೂ ಜಾರಿತು. ತಾಯಿ ಧರ್ಮಾವತಮ್ಮ ಎಳೆದು ಕೂರಿಸಿದರು. ಮಗಳು ಉಸಿರಾಡಿದ್ದೇ ತಡ, ಮತ್ತೆ ಇಳಿಯಿತು. ಹೊಲಿದ ರವಿಕೆ ಕೊಡಲು ಬಂದಿದ್ದ ದರ್ಜಿಯ ಮಗಳು ತುಂಗಾ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮಪ್ಪಂಗೆ ಎಂಥಾ ಆಗಿದೆಯೇ? ಅಳತೆಗೆ ರವಿಕೆ ಕೊಟ್ಟಿರ್ಲಿಲ್ವಾ? ನಾಡಿದ್ದು ಧಾರೆ!" ಎಂದು ಧರ್ಮಾವತಮ್ಮ ಅವಳನ್ನು ಗದರಿದರು.

ಕೊಟ್ಟಿದ್ದರು, ನಿಜ. ೧೯೩೮ರ ತೀರ್ಥಹಳ್ಳಿಯಲ್ಲಿ ಗಂಡಸು ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುವುದುಂಟೇ? ಮನೆಯಿಂದ ಒಂದು ಹಳೇ ರವಿಕೆ ಬರುತ್ತಿತ್ತು. ತುಂಗಾಳ ಅಪ್ಪ ಮಾಸ್ತಪ್ಪ ಅದನ್ನು ಹಲಗೆಯ ಮೇಲೆ ಹರವಿ, ಹಾಗೆಯೇ ಹೊಸದನ್ನು ಕತ್ತರಿಸುತ್ತಿದ್ದ. ಆದರೆ ಧರ್ಮಾವತಮ್ಮ ಕಳಿಸಿದ್ದು ಹಿರಿಮಗಳು ಪದ್ಮಲತಾಳ ರವಿಕೆ. ಪ್ರಭಾವತಿಯ ಎಡಭುಜ ಹುಟ್ಟಿನಿಂದಲೇ ಒಂದಂಗುಲ ಕೆಳಗೆ. ಅವಳಿಗೆ ಇಷ್ಟು ದಿನ ತಾಯಿಯೇ ಮನೆಯಲ್ಲಿ ಕೈಹೊಲಿಗೆ ಹಾಕಿ ತೊಡಿಸಿದ್ದರು. ಗಂಡಿನವರು ಎಲ್ಲ ನೋಡಿಯೇ ಒಪ್ಪಿದ್ದರು. ಹೆದರಿಕೆಯೆಲ್ಲ ಊರಿನ ಬಾಯಿಗೆ. ಮುಚ್ಚಿಡುವ ಭರದಲ್ಲಿ ಬಟ್ಟೆಗೂ ಸುಳ್ಳು ಹೇಳಿದರೆ ಅದು ಸುಮ್ಮನಿರುತ್ತದೆಯೇ!

ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ಅದು. ಹೊರಗೆ ಬಿಸಿಲು ಇಳಿಯುತ್ತಿತ್ತು, ಬಡಿಸಿದ ಎಲೆಗಳು ಹಾಗೇ ಇದ್ದವು. ಪ್ರಭಾವತಿ ಸೆರಗನ್ನು ಭುಜಕ್ಕೆ ಅವುಚಿಕೊಂಡು ಅತ್ತಳು. "ನಾನು ಹಸೆ ಮೇಲೆ ಕೂರೂದಿಲ್ಲಮ್ಮಾ. ಎಲ್ಲಾ ನೋಡ್ತಾರೆ."

ತುಂಗಾ ಹೊಸ್ತಿಲು ದಾಟಿ ಒಳಗೆ ಬಂದಳು. ಎಂಟು ವರ್ಷದಿಂದ ಅವಳು ಅಪ್ಪನ ಅಂಗಡಿಯಲ್ಲಿ ಅಂಚು ಮಡಿಸಿ, ಗುಂಡಿ ಹಚ್ಚುತ್ತಿದ್ದಳು. ಕತ್ತರಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ಕತ್ತರಿ ತಪ್ಪಿದ್ರೆ ಬಟ್ಟೆ ಹೋಯ್ತು" ಎನ್ನುತ್ತಿದ್ದ ಮಾಸ್ತಪ್ಪ.

"ಪ್ರಭಕ್ಕಾ, ನಾನು ಅಳತೆ ತಗೊಳ್ಲಾ?"

ಟೇಪು ಅಪ್ಪನ ಕೊರಳಲ್ಲಿತ್ತು. ತುಂಗಾ ಒಂದು ದಾರ ಕೇಳಿ ಪಡೆದು, ಬಲಭುಜದ ಅಳತೆಗೊಂದು ಗಂಟು, ಎಡಭುಜದ ಅಳತೆಗೊಂದು ಗಂಟು ಹಾಕಿದಳು. "ನಮ್ಮಪ್ಪನ ಕಿವಿ ನೋಡಿದೀರಾ? ಒಂದು ಮೇಲೆ, ಒಂದು ಕೆಳಗೆ. ಕನ್ನಡಕ ಯಾವತ್ತೂ ಸೊಟ್ಟ. ಹಂಗಂತ ಅವ್ರು ಮದುವೆ ಆಗ್ಲಿಲ್ವಾ?"

ಅಳುವಿನ ನಡುವೆಯೇ ಪ್ರಭಾವತಿಗೆ ನಗು ಬಂತು.

ಅಂಗಡಿಗೆ ಬಂದವಳೇ ತುಂಗಾ ಕೈಚಾಚಿದಳು. "ಇದನ್ನ ಬಿಚ್ಚಿ ತೋಳು ಮತ್ತೆ ಕತ್ತರಿಸ್ಬೇಕಪ್ಪಾ. ಕತ್ತರಿ ಕೊಡು."

"ತಲೆ ಕೆಟ್ಟಿದೆಯಾ? ಸಾಗರದಿಂದ ತಂದ ಬಟ್ಟೆ. ಚೂರೂ ಉಳಿದಿಲ್ಲ."

"ಹಂಗಾದ್ರೆ ನೀನೇ ಕತ್ತರಿಸು. ಪ್ರಭಕ್ಕನ ಭುಜ ಹೆಂಗಿದೆ ಅಂತ ಗೊತ್ತಾ ನಿಂಗೆ?"

ಮಾಸ್ತಪ್ಪ ಮೂವತ್ತು ವರ್ಷ ಹೆಂಗಸರಿಗೆ ಹೊಲಿದಿದ್ದ. ಅವರಲ್ಲಿ ಒಬ್ಬರ ಭುಜವನ್ನೂ ಅವನು ಕಂಡಿರಲಿಲ್ಲ. ಕತ್ತರಿಯನ್ನು ಮಗಳ ಮುಂದಿಟ್ಟು, "ಮೊದ್ಲು ಕಾಗದದ ಮೇಲೆ ಕತ್ತರಿಸಿ ನೋಡು," ಎಂದ. ಆಮೇಲೆ ಮೆಲ್ಲಗೆ, "ಹೊಲಿಗೆ ಒಳಗೆ ಒಂದಂಗುಲ ಬಟ್ಟೆ ಬಿಟ್ಟಿದೀನಿ. ಹೆಣ್ಮಕ್ಕಳು ಬೆಳೀತಾರೆ ಅಂತ ಯಾವಾಗ್ಲೂ ಬಿಡ್ತೀನಿ."

ಆ ಒಂದಂಗುಲವೇ ತುಂಗಾಳ ಮಾನ ಉಳಿಸಿತು. ಎಡಭುಜದ ಒಳಗೆ ಮೆತ್ತನೆಯ ಮಡಿಕೆ ಕೊಟ್ಟು, ಸಪಾಟಾಗಿದ್ದ ತೋಳುಗಳನ್ನು ಬುಗ್ಗೆಯಾಗಿ ಎಬ್ಬಿಸಿದಳು. ಎಡಕ್ಕೆ ನಾಲ್ಕು ನೆರಿಗೆ ಹೆಚ್ಚು. ಎರಡೂ ತೋಳು ಸಮನಾಗಿ ನಿಂತವು.

ಧಾರೆಯ ದಿನ ತುಂಗಾ ಹೆಂಗಸರ ಗುಂಪಿನ ಹಿಂದೆ ತುದಿಗಾಲಲ್ಲಿ ನಿಂತು ನೋಡಿದಳು. ಹಾರ ಹಾಕುವಾಗ ಪ್ರಭಾವತಿ ಸೆರಗು ಹಿಡಿದುಕೊಳ್ಳುವುದನ್ನೇ ಮರೆತು, ಎರಡೂ ಕೈ ಎತ್ತಿದ್ದಳು. ತುಂಗಾಳ ಕಣ್ಣು ತುಂಬಿಬಂತು. "ಆ ಬುಗ್ಗೆ ತೋಳು ಯಾರು ಹೊಲಿದದ್ದು ಮಾರಾಯ್ತಿ?" ಎಂದು ಪಕ್ಕದಲ್ಲಿ ಯಾರೋ ಕೇಳುತ್ತಿದ್ದರು.

ಎಂಟು ದಿನ ಕಳೆದು, ಮದುವೆಗೆ ಬಂದಿದ್ದ ಹೊಸನಗರದ ನಾಗರತ್ನಮ್ಮ ಬಸ್ಸಿಳಿದು ನೇರ ಅಂಗಡಿಗೆ ಬಂದರು.

"ಅಳತೆಗೆ ರವಿಕೆ ತಂದ್ರಾ?" ಮಾಸ್ತಪ್ಪ ರೂಢಿಯಂತೆ ಕೇಳಿದ.

"ಇಲ್ಲಪ್ಪ. ನಿನ್ನ ಮಗಳೇ ಅಳತೆ ತಗೊಳ್ತಾಳಂತಲ್ಲ?"

ಅವನು ಮಗಳನ್ನು ನೋಡಿದ. ಕೊರಳಿನ ಟೇಪು ತೆಗೆದು ಅವಳ ಕೊರಳಿಗೆ ಹಾಕಿದ. ಎದ್ದು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಬೀದಿಗೆ ಮುಖ ಮಾಡಿ ಜಗುಲಿಯಲ್ಲಿ ಕೂತ.

ಕೋಟು ಹೊಲಿಸಲು ಬಂದ ಶೇಷಪ್ಪ, "ಏನ್ ಮಾಸ್ತಪ್ಪ, ಹೊರಗೆ ಕೂತಿದೀಯ?" ಎಂದ.

"ಸ್ವಲ್ಪ ತಡಿ. ಒಳಗೆ ದರ್ಜಿ ಅಳತೆ ತಗೊಳ್ತಿದಾರೆ."

ಹಾಗೆಂದು ಮಾಸ್ತಪ್ಪ ಕನ್ನಡಕ ನೆಟ್ಟಗೆ ಮಾಡಿಕೊಂಡ. ಅದು ಮತ್ತೆ ಸೊಟ್ಟಗಾಯಿತು.