ವಿದೇಶಕ್ಕೆ ಹೊರಟ ಕುರಿಗಳು

ಡಾಕ್ಟರ್ ಸುಜಾತಾ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆಂಧ್ರದ ಗಡಿಯೊಳಗಿನ ರಾಯದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಪಶು ಆಸ್ಪತ್ರೆ ಅವಳದು. ಆಸ್ಪತ್ರೆ ಅಂದರೆ ಎರಡು ಕೋಣೆ, ಒಂದು ಫ್ರಿಜ್ಜು, ಮತ್ತೆ ಕಾಂಪೌಂಡರ್ ಮಾರೇಶ. ಫ್ರಿಜ್ಜಿನಲ್ಲಿ ಲಸಿಕೆ ಇರಬೇಕಾದ ಜಾಗದಲ್ಲಿ ಮಾರೇಶನ ಮಜ್ಜಿಗೆ ಬಾಟಲಿ ಇರುತ್ತಿತ್ತು. ಅವನನ್ನು ಬೈಯುವ ಹಾಗಿರಲಿಲ್ಲ. ಸರ್ಕಾರದ ಕರೆಂಟಿನಲ್ಲಿ ಬರೀ ಗಾಳಿಯನ್ನು ತಣ್ಣಗೆ ಮಾಡುವುದಕ್ಕೆ ಅವನ ಮನಸ್ಸು ಒಪ್ಪುತ್ತಿರಲಿಲ್ಲ, ಅಷ್ಟೆ.

ಒಂದು ದಿನ ದೆಹಲಿಯಿಂದ ಕಾಗದ ಬಂತು. ರಾಷ್ಟ್ರೀಯ ಆಹಾರ ಮತ್ತು ಪಶುವೈದ್ಯ ಪ್ರಾಧಿಕಾರದ ಅಂತರರಾಷ್ಟ್ರೀಯ ಸಹಕಾರ ಹಾಗೂ ರಫ್ತು ವಿಭಾಗದ ಕಾಗದ. ನಮ್ಮ ಸೀಮೆಯ ಕುರಿ ಮಾಂಸವನ್ನು ಕೊಳ್ಳಲು ಕಡಲಾಚೆಯ ಒಂದು ದೇಶ ಮನಸ್ಸು ಮಾಡಿದೆ, ಅಲ್ಲಿಂದ ಇಬ್ಬರು ಪಶುವೈದ್ಯರು ಕುರಿಗಳನ್ನು ಕಣ್ಣಾರೆ ನೋಡಲು ಬರುತ್ತಾರೆ, ಅವರಿಗೆ ಈ ಹಳ್ಳಿಯನ್ನೇ ತೋರಿಸುವುದೆಂದು ತೀರ್ಮಾನವಾಗಿದೆ ಅಂತ ಅದರಲ್ಲಿತ್ತು. ಜೊತೆಗೊಂದು ಪಟ್ಟಿ. ಸುಜಾತಾ ಪಟ್ಟಿಯನ್ನು ಎರಡು ಸಲ ಓದಿದಳು. ಅದರ ಪ್ರಕಾರ ಅವಳ ಆಸ್ಪತ್ರೆಗೆ ಸೇರಿದ ಸಾವಿರದ ಇನ್ನೂರ ನಲವತ್ತು ಕುರಿಗಳಿಗೂ ಹಿರೇಬೇನೆಯ ಲಸಿಕೆ ಎರಡೆರಡು ಸಲ ಹಾಕಿ ಮುಗಿದಿತ್ತು.

ಹಿರೇಬೇನೆ ಅಂದರೆ ಕುರಿಗಳ ಪ್ಲೇಗು. ಬಾಯಿ ಮೂಗೆಲ್ಲ ಹುಣ್ಣಾಗಿ, ಭೇದಿ ಹತ್ತಿ, ವಾರದೊಳಗೆ ರೊಪ್ಪಕ್ಕೆ ರೊಪ್ಪವೇ, ದೊಡ್ಡಿಯ ಕುರಿಯೆಲ್ಲ, ಮಲಗಿಬಿಡುತ್ತದೆ. ಅದಕ್ಕೆ ಲಸಿಕೆಯೆಂದು ನಾಲ್ಕು ವರ್ಷದಲ್ಲಿ ಸುಜಾತಾಳ ಕೈಗೆ ಬಂದದ್ದು ಮುನ್ನೂರು ಡೋಸು. ಅವಳು ಜಿಲ್ಲೆಯ ಮೇಲಧಿಕಾರಿಗೆ ಫೋನು ಮಾಡಿದಳು.

"ಸಾರ್, ಈ ಪಟ್ಟಿ ತಪ್ಪಾಗೇತ್ರಿ."

"ಅದು ಮೇಲಿಂದ ಬಂದದ್ದಮ್ಮಾ," ಅಂದರು ಅವರು, ಬೇಸರವಿಲ್ಲದೆ. "ಮೇಲಿಂದ ಬಂದದ್ದು ತಪ್ಪಾಗಿರಲ್ಲ. ನಿನ್ನ ಕುರಿಗಳನ್ನ ಇನ್ನೊಂದ್ಸಲ ನೋಡು."

ವಿದೇಶಿಯರು ಬರುವ ಎರಡು ದಿನ ಮೊದಲು ನರಸಿಂಹಯ್ಯ ಬಂದಿಳಿದರು. ಆ ವಿಭಾಗದ ದೊಡ್ಡ ಅಧಿಕಾರಿ. ಹುಟ್ಟಿದ್ದು ಮಡಕಶಿರದ ಹತ್ತಿರದ ಹಳ್ಳಿ. ದೆಹಲಿ ಸೇರಿ ಹದಿನೈದು ವರ್ಷವಾಗಿದ್ದರೂ ಮಾತು ಇನ್ನೂ ಅಲ್ಲಿಯದೇ. ಕುರಿಗಳ ಆರೋಗ್ಯದ ಸಲುವಾಗಿ ಹನ್ನೊಂದು ದೇಶ ತಿರುಗಿದವರು. ಕುರಿಯನ್ನು ಕೊನೆಯ ಸಲ ಹತ್ತಿರದಿಂದ ನೋಡಿದ್ದು ಮಾತ್ರ ಯಾವುದೋ ಔತಣದ ತಟ್ಟೆಯಲ್ಲಿ.

ಅವರು ಊರೆಲ್ಲ ಸುತ್ತಿ ಬೊಮ್ಮಣ್ಣ, ಮೈಲಾರಮ್ಮ ಗಂಡಹೆಂಡಿರ ರೊಪ್ಪವನ್ನು ಆರಿಸಿದರು. ಎಂಬತ್ತನಾಲ್ಕು ಕುರಿ. ಕುರಿ ಚೆನ್ನಾಗಿವೆಯೆಂದಲ್ಲ, ಅಲ್ಲಿಯವರೆಗೆ ಕಾರು ಹೋಗುತ್ತಿತ್ತು, ಬೇವಿನ ಮರದ ನೆರಳಿತ್ತು. ಲಸಿಕೆ ಹಾಕಿ ಎಂದು ಮೈಲಾರಮ್ಮ ಆ ವರ್ಷ ಮೂರು ಸಲ ಆಸ್ಪತ್ರೆಗೆ ಬಂದು ಹೋಗಿದ್ದಳು. ಮೂರು ಸಲವೂ ಮಾರೇಶ ಮಜ್ಜಿಗೆ ಕೊಟ್ಟು ಕಳಿಸಿದ್ದ.

ಕುರಿಗಳ ಕಿವಿಗೆ ಹಳದಿ ಬಿಲ್ಲೆ ಹಾಕುವ ಕೆಲಸ ಮೊದಲಾಯಿತು. ಬಿಲ್ಲೆಯ ಮೇಲೆ ಹನ್ನೆರಡು ಅಂಕಿಯ ನಂಬರು. ಕಡತದ ಪ್ರಕಾರ ಅವು ಹೋದ ವರ್ಷವೇ ಕಿವಿಗಳಲ್ಲಿದ್ದವು. ನಿಜಕ್ಕೂ ಇದ್ದದ್ದು ನರಸಿಂಹಯ್ಯನವರ ಕಾರಿನ ಡಿಕ್ಕಿಯಲ್ಲಿ, ಗೋಣಿಚೀಲದೊಳಗೆ. ಮಾರೇಶ ಒಂದು ಬಿಲ್ಲೆ ಹಾಕಿ, ಪಟ್ಟಿ ನೋಡಿ ನಿಂತುಬಿಟ್ಟ.

"ಸಾರ್, ಈ ನಂಬರಿನ ಕುರಿ ಹೋದ ವರ್ಷ ಎರಡು ಮರಿ ಹಾಕೇತಂತ ಬರ್ದಾರ್ರೀ. ಇದು ಟಗರು."

"ಫಾರಿನ್ನೋರು ಬಗ್ಗಿ ನೋಡ್ತಾರೇನಯ್ಯಾ?" ಅಂದರು ನರಸಿಂಹಯ್ಯ. "ಹಾಕ್ತಾ ಹೋಗು."

ಮೈಲಾರಮ್ಮ ಸೆರಗು ಸೊಂಟಕ್ಕೆ ಸಿಗಿಸಿ ನೋಡುತ್ತ ನಿಂತಿದ್ದಳು. "ಸೂಜಿ ಯಾವಾಗ ಹಾಕ್ತೀರ್ರಿ ಸಾಹೇಬ್ರ?" ಅಂತ ಕೇಳಿದಳು.

"ಹಾಕಿಯಾಗೈತೆ ಕಣಮ್ಮ. ಸರ್ಟಿಫಿಕೇಟ್ ಐತಲ್ಲ."

"ಸರ್ಟಿಫಿಕೇಟು ನನ್ ಕುರಿ ಮೈಯಾಗ ಹೊಕ್ಕಾತೇನ್ರಿ?"

ನರಸಿಂಹಯ್ಯ ನಕ್ಕು, ಇದನ್ನು ಯಾವುದಾದರೂ ಸಭೆಯಲ್ಲಿ ಹೇಳಬಹುದು ಅನ್ನುವವರ ಹಾಗೆ ಮುಂದೆ ನಡೆದರು. ಸುಜಾತಾ ಕುರಿಗಳ ಕಡೆ ನೋಡಿದಳು. ಮೈಲಾರಮ್ಮನ ಕಡೆ ನೋಡಲಿಲ್ಲ.

ಅಧಿಕಾರಿಗಳಿಗೆ ಇನ್ನೊಂದು ಯೋಚನೆಯೂ ಬಂದಿತ್ತು. ಕಂಬಳಿ ಹೊದ್ದ ಕುರಿ ಕಾಯುವವನನ್ನು ಕಂಡರೆ ದೇಶ ಹಿಂದುಳಿದಿದೆ ಅಂದುಕೊಂಡಾರು! ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೇನು ಬರ? ಒಂದೇ ದಿನದಲ್ಲಿ ಬೊಮ್ಮಣ್ಣನಿಗೆ ಜೀನ್ಸು, 'ಆರೋಗ್ಯವಂತ ಕುರಿ, ಸಂತುಷ್ಟ ಜಗತ್ತು' ಎಂದು ಇಂಗ್ಲಿಷಿನಲ್ಲಿ ಬರೆದ ಟೀ ಶರ್ಟು, ಮೇಲೊಂದು ಕೆಂಪು ಟೋಪಿ ತಯಾರಾದವು. ಅರುವತ್ತು ವರ್ಷ ಪಂಚೆಯಲ್ಲೇ ಕಳೆದಿದ್ದ ಬೊಮ್ಮಣ್ಣ ಕಾಲು ಅಗಲಿಸಿ, ಗಾಯವಾದವನ ಹಾಗೆ ನಡೆಯತೊಡಗಿದ.

ಗುರುವಾರ ಬೆಳಿಗ್ಗೆ ಐದು ಕಾರು ಬಂದವು. ಇಳಿದವರಲ್ಲಿ ವಿದೇಶಿಯರು ಇಬ್ಬರೇ: ನರೆಗೂದಲಿನ ಒಬ್ಬ ಎತ್ತರದ ಹೆಂಗಸು, ಐಸ್ ಪೆಟ್ಟಿಗೆ ಹಿಡಿದ ಒಬ್ಬ ಗಂಡಸು. ಉಳಿದವರೆಲ್ಲ ಅವರನ್ನು ನೋಡಲು ಬಂದ ನಮ್ಮವರೇ. "ಕುರಿಗಳನ್ನ ಹೊಡ್ಕೊಂಡ್ ಬಾರಪ್ಪ," ಎಂದು ನರಸಿಂಹಯ್ಯ ಕೂಗಿದರು.

ಬೊಮ್ಮಣ್ಣ ರೊಪ್ಪದ ಬಾಗಿಲು ತೆಗೆದು ಒಳಗೆ ಕಾಲಿಟ್ಟ. ಹೊಸ ಬಟ್ಟೆಯ ಗಂಜಿ ವಾಸನೆ, ತಲೆ ಮೇಲೆ ಅದೇನೋ ಕೆಂಪಗೆ, ನಡಿಗೆಯೋ ಯಾರದೋ. ಕುರಿಗಳು ಒಂದು ಗಳಿಗೆ ಅವನನ್ನೇ ದಿಟ್ಟಿಸಿದವು. ಆಮೇಲೆ ಎಂಬತ್ತನಾಲ್ಕೂ ಒಟ್ಟಿಗೆ ಬೆದರಿ, ಅವನನ್ನು ಕೆಡವಿ, ಬೇಲಿ ಹಾರಿ, ಕಾರುಗಳ ನಡುವೆ ನುಗ್ಗಿ ಶೇಂಗಾ ಹೊಲಕ್ಕೆ ಬಿದ್ದವು. ಒಂದು ಟಗರು ನರಸಿಂಹಯ್ಯನವರಿಗಾಗಿಯೇ ಕಾದಿದ್ದಂತೆ ಬಂದು, ಅವರ ಮೊಣಕಾಲಿಗೆ ಗುದ್ದಿ ಮುಂದೆ ಹೋಯಿತು. ಅಧಿಕಾರಿಗಳೆಲ್ಲ ಫೈಲು ಬೀಸುತ್ತ ಅವುಗಳ ಹಿಂದೆ ಓಡಿದರು. ಫೈಲು ಕಂಡಷ್ಟೂ ಕುರಿಗಳು ದೂರ ಹೋದವು.

ಮೈಲಾರಮ್ಮ ಬದುವಿನ ಮೇಲೆ ಹತ್ತಿ, ನಾಲಿಗೆಯಲ್ಲಿ 'ಟ್ರುರ್ರ್' ಎಂದು ಒಮ್ಮೆ ಸದ್ದು ಮಾಡಿದಳು. ಕುರಿಗಳು ನಿಂತವು. ಇನ್ನೊಮ್ಮೆ ಮಾಡಿದಳು. ತಲೆ ತಗ್ಗಿಸಿಕೊಂಡು ಒಂದೊಂದಾಗಿ ವಾಪಸು ಬಂದು ಅವಳ ಸುತ್ತ ನೆರೆದವು.

ವಿದೇಶಿ ಹೆಂಗಸು ಫೈಲಿನವರನ್ನೆಲ್ಲ ದಾಟಿ ನೇರ ಅವಳ ಹತ್ತಿರ ಬಂದಳು. ಇವುಗಳಿಗೆ ಹಿರೇಬೇನೆಯ ಲಸಿಕೆ ಯಾವಾಗ ಹಾಕಿದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನರಸಿಂಹಯ್ಯ ಕುಂಟುತ್ತ ಬಂದು ಅದನ್ನು ಕನ್ನಡದಲ್ಲಿ ಹೇಳಿದರು.

"ಹಾಕೇ ಇಲ್ರಿ," ಅಂದಳು ಮೈಲಾರಮ್ಮ. ಅರ್ಥವಾಗಲಿ ಎಂದು ಕೈಯನ್ನೂ ಅಡ್ಡಡ್ಡ ಆಡಿಸಿದಳು.

ನರಸಿಂಹಯ್ಯ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿದರು. ವರ್ಷಕ್ಕೆರಡು ಸಲ ತಪ್ಪದೆ ಹಾಕುತ್ತಾರೆ, ಅದರಿಂದಾಗಿ ಈಗ ರೋಗವೇ ಇಲ್ಲ, ಆ ಕೈಸನ್ನೆಯ ಅರ್ಥವೂ ಅದೇ, ಇದಕ್ಕಾಗಿ ಈಕೆ ಪ್ರಾಧಿಕಾರಕ್ಕೆ ಋಣಿಯಾಗಿದ್ದಾಳೆ ಎಂದರು.

ಹೆಂಗಸು ಸುಜಾತಾಳ ಕಡೆ ತಿರುಗಿದಳು. "ಡಾಕ್ಟರ್, ಹೌದೇ?"

ಪಕ್ಕದಲ್ಲಿ ಜಿಲ್ಲೆಯ ಮೇಲಧಿಕಾರಿ ಆಕಾಶ ನೋಡುತ್ತಿದ್ದರು. ಅವಳು ತಲೆ ಆಡಿಸಿದಳು, ಹೌದೋ ಅಲ್ಲವೋ ಯಾರಿಗೂ ತಿಳಿಯದ ಹಾಗೆ. ಹೆಂಗಸು ಅವಳನ್ನೊಮ್ಮೆ ನೋಡಿ, ಕೈಗವಸು ಹಾಕಿಕೊಂಡು, ಮೂವತ್ತು ಕುರಿಗಳ ರಕ್ತ ತೆಗೆದು ಐಸ್ ಪೆಟ್ಟಿಗೆಗೆ ತುಂಬಿಸಿದಳು.

ಕಾರುಗಳೆಲ್ಲ ಊಟಕ್ಕೆಂದು ರಾಯದುರ್ಗದ ಕಡೆ ಹೊರಟ ಮೇಲೆ ಮೈಲಾರಮ್ಮ ಬಂದಳು.

"ನೀವು ಇಂಗ್ಲೀಷು ಓದಿದೋರು ಡಾಕ್ಟ್ರಮ್ಮ. ನಾ ಅಂದಿದ್ದನ್ನ ಆವಯ್ಯ ಆಯಮ್ಮಗ ಹೇಳಿದ್ನೇನ್ರಿ?"

"ಇಲ್ಲ," ಅಂದಳು ಸುಜಾತಾ.

"ಮತ್ತ, ನೀವ್ಯಾಕ ಹೇಳ್ಲಿಲ್ರಿ?"

ಕೇಳಿದ್ದರಲ್ಲಿ ಕೋಪವಿರಲಿಲ್ಲ. ಮೈಲಾರಮ್ಮ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಸುಜಾತಾ ಬೈಕು ಹತ್ತಿ ಹೊರಟುಬಿಟ್ಟಳು.

ಎರಡು ತಿಂಗಳಿಗೆ ಆ ದೇಶದ ವರದಿ ಬಂತು. ಮೂವತ್ತು ಕುರಿಗಳಲ್ಲಿ ಒಂದರ ರಕ್ತದಲ್ಲೂ ಲಸಿಕೆಯ ಗುರುತಿಲ್ಲ. ಆದ್ದರಿಂದ ಸದ್ಯಕ್ಕೆ ನಿಮ್ಮ ಮಾಂಸ ಬೇಡ. ದೆಹಲಿಯಲ್ಲಿ ಸಭೆಯ ಮೇಲೆ ಸಭೆ ನಡೆಯಿತು. ಕಡತದಲ್ಲಿ ಲಸಿಕೆ ಇದೆ, ಆದ್ದರಿಂದ ಕಡತ ಸರಿ. ಕುರಿಯಲ್ಲಿ ಲಸಿಕೆ ಇಲ್ಲ, ಆದ್ದರಿಂದ ಕುರಿ ತಪ್ಪು. ಹೀಗೆ ಎಲ್ಲರೂ ಒಮ್ಮತಕ್ಕೆ ಬಂದ ಮೇಲೆ ಮೈಲಾರಮ್ಮನ ಮನೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟೀಸು ಬಂತು.

ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ತಂದಳು. ಸುಜಾತಾ ಓದಿ ಹೇಳಿದಳು: "ಸರ್ಕಾರ ಎರಡು ಸಲ ಲಸಿಕೆ ಹಾಕಿದರೂ ನಿಮ್ಮ ಕುರಿಗಳು ರೋಗನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳದೆ, ವಿದೇಶಿಯರ ಮುಂದೆ ದೇಶದ ಮರ್ಯಾದೆಗೆ ಧಕ್ಕೆ ತಂದಿರುತ್ತವೆ. ನಿಮ್ಮ ಮೇಲೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂಬುದಕ್ಕೆ ಏಳು ದಿನದೊಳಗೆ ಉತ್ತರಿಸತಕ್ಕದ್ದು."

ಮೈಲಾರಮ್ಮ ಬೆಂಚಿನ ಮೇಲೆ ಕೂತಳು. "ಕುರಿ ಕಿತ್ಕೊಂಡ್ ಹೋಗ್ತಾರೇನ್ರಿ?"

"ಇಲ್ಲ. ಉತ್ತರ ಬರಿಯೋಣು. ನೀವು ಹೇಳ್ರಿ, ಹೇಳಿದ್ದನ್ನ ಹೇಳಿದಂಗ ಬರೀತೀನಿ."

"ಸೂಜಿ ಹಾಕಿಲ್ಲಂತ ಬರೀರಿ. ಮೂರ್ ಸಲ ಬಂದು ಕೇಳೀನಂತ ಬರೀರಿ. ಹಾಕಿಸ್ಕೊಂಡಿದ್ರ ನನ್ ಕುರಿ ಹಿಂಗ ಮಾಡ್ತಿರ್ಲಿಲ್ಲಂತ ಬರೀರಿ."

ಸುಜಾತಾ ಬರೆದಳು. ಮೈಲಾರಮ್ಮನ ಹೆಬ್ಬೆಟ್ಟು ಒತ್ತಿಸಿದಳು. ಆಮೇಲೆ ಇನ್ನೊಂದು ಹಾಳೆ ತೆಗೆದು, ನಾಲ್ಕು ವರ್ಷದಲ್ಲಿ ಬಂದದ್ದು ಮುನ್ನೂರು ಡೋಸು, ಪಟ್ಟಿ ಸುಳ್ಳು, ಆ ದಿನ ನಾನು ಸುಮ್ಮನಿದ್ದದ್ದು ತಪ್ಪು ಎಂದು ತನ್ನದೂ ಬರೆದು ಸಹಿ ಹಾಕಿದಳು. ಹಾಕಿದ ಮೇಲೆ ಹಸಿವಾಯಿತು.

ಆ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಹತ್ತು ದಿನಕ್ಕೆ ಮಾತ್ರ ಒಂದು ವ್ಯಾನು ಬಂದು, ಏನೂ ಹೇಳದೆ ಸಾವಿರದ ಐನೂರು ಡೋಸು ಲಸಿಕೆ ಇಳಿಸಿ ಹೋಯಿತು. ಸುಜಾತಾ, ಮಾರೇಶ ಇಬ್ಬರೂ ಒಂಬತ್ತು ದಿನ ಹಳ್ಳಿ ಹಳ್ಳಿ ತಿರುಗಿ ಎಲ್ಲ ಕುರಿಗಳಿಗೂ ಹಾಕಿದರು. ಮೊದಲು ಹಾಕಿದ್ದು ಮೈಲಾರಮ್ಮನ ರೊಪ್ಪದಲ್ಲಿ. ಅವಳು ಒಂದೊಂದು ಕುರಿಯನ್ನೂ ತಾನೇ ಹಿಡಿದುಕೊಟ್ಟಳು, ಲೆಕ್ಕ ತಪ್ಪದ ಹಾಗೆ.

ಹತ್ತನೆಯ ದಿನ ಎರಡು ಆದೇಶ ಬಂದವು. ನರಸಿಂಹಯ್ಯನವರು ವಿದೇಶಗಳಲ್ಲಿ ವಿಶ್ವಾಸ ಗಳಿಸುವುದು ಹೇಗೆಂಬ ಆರು ತಿಂಗಳ ತರಬೇತಿಗೆ ಹೊರಟಿದ್ದರು, ಹನ್ನೆರಡನೆಯ ದೇಶಕ್ಕೆ. ಸುಜಾತಾಳಿಗೆ ಮಡಕಶಿರದ ಕಡೆ ವರ್ಗವಾಗಿತ್ತು. ವಿದೇಶಿಯರು ಇನ್ನೊಂದು ಸಲ ಬರಲು ಒಪ್ಪಿದ್ದಾರೆ, ಈ ಸಲ ನರಸಿಂಹಯ್ಯನವರ ಸ್ವಂತ ಹಳ್ಳಿಯನ್ನೇ 'ಮಾದರಿ ಕುರಿ ಗ್ರಾಮ'ವಾಗಿ ತೋರಿಸುವುದು, ಅಲ್ಲಿಯ ನಾನೂರ ಹನ್ನೆರಡು ಕುರಿಗಳ ಆರೋಗ್ಯವನ್ನು ದೃಢೀಕರಿಸಿ ಡಾಕ್ಟರ್ ಸುಜಾತಾ ವರದಿ ಕೊಡುವುದು ಎಂದಿತ್ತು.

ಮಡಕಶಿರಕ್ಕೆ ಹೋದ ಮಾರನೆಯ ದಿನವೇ ಅವಳು ಆ ಹಳ್ಳಿಗೆ ಹೋದಳು. ಆದೇಶದ ಜೊತೆ ಬಂದಿದ್ದ ಪಟ್ಟಿಯಲ್ಲಿ ಮೊದಲ ಹೆಸರು ನರಸಿಂಹಯ್ಯನವರ ತಮ್ಮ ಓಬುಲೇಶನದು, ಹೆಸರಿನ ಮುಂದೆ ತೊಂಬತ್ತು ಕುರಿ. ಮನೆಯ ಮುಂದೆ ಓಬುಲೇಶನ ಹೆಂಡತಿ ಲಕ್ಷ್ಮಕ್ಕ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದಳು.

"ಕುರಿನಾ?" ಅಂದಳು ಲಕ್ಷ್ಮಕ್ಕ. "ನಮ್ಮನೇಲಿ ರೇಷ್ಮೆ ಹುಳ ಸಾಕ್ತೀವಿ ಕಣಮ್ಮ. ಹುಳಕ್ಕೂ ಸೂಜಿ ಚುಚ್ತೀರಾ?"

ಓಬುಲೇಶ ಒಳಗಿಂದ ಬಂದು ಕೈ ಹಿಸುಕಿಕೊಂಡ. "ಅಣ್ಣ ಫೋನ್ ಮಾಡಿದ್ದ ಮೇಡಮ್. ಆ ದಿನಕ್ಕೆ ಶಿರಾ ಕಡೆಯಿಂದ ಲಾರೀಲಿ ನಾನೂರು ಕುರಿ ತರಿಸ್ತೀವಿ. ನೀವು ಬರ್ಕೊಂಡು ಹೋಗಿ, ಅಷ್ಟೊತ್ತಿಗೆ ಬಂದಿರ್ತವೆ."

"ಏನಂದೆ?" ಲಕ್ಷ್ಮಕ್ಕನ ಮಚ್ಚು ನಿಂತಿತು. "ನಾನೂರು ಕುರಿ ಇಳಿಸ್ತೀಯಾ ಇಲ್ಲಿ? ನನ್ ಹಿಪ್ಪುನೇರಳೆ ತೋಟ ಇರೋದು ಎಲ್ಲಿ, ನಿಮ್ಮಣ್ಣಯ್ಯನ ದೆಹಲೀಲಾ? ಒಂದೇ ದಿನಕ್ಕೆ ಬುಡ ಸಮೇತ ಮೇಯ್ತವೆ. ಹುಳ ಏನ್ ತಿಂತವೆ, ನಿಮ್ಮಣ್ಣನ ಕಾಗದಾನಾ?"

ಓಬುಲೇಶ ತೋಟದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ.

ಸುಜಾತಾ ಕಟ್ಟೆಯ ಮೇಲೆ ಕೂತು ವರದಿಯ ಹಾಳೆ ತೆಗೆದಳು. ಊರಿನ ಉಳಿದ ಮನೆಗಳಲ್ಲಿ ಕುರಿ ಇವೆಯೇ ಎಂದು ಕೇಳಿದಳು. ಲಕ್ಷ್ಮಕ್ಕ ಬೆರಳು ಮಡಿಸಿ ನೆನಪು ಮಾಡಿಕೊಂಡು, ಆ ತುದಿ ಮನೇಲಿ ಎರಡು ಮೇಕೆ ಇವೆ, ಅಷ್ಟೇ ಅಂದಳು. 'ಕುರಿಗಳ ಸಂಖ್ಯೆ' ಎಂಬ ಕಡೆ ಸುಜಾತಾ 'ಒಂದೂ ಇಲ್ಲ' ಎಂದು ಬರೆದಳು. ಪ್ರಾಧಿಕಾರಕ್ಕೊಂದು, ಆ ದೇಶದವರಿಗೆ ಒಂದು ಎಂದು ಎರಡು ಪ್ರತಿ ಮಾಡಿದಳು.

"ಸಾಕ್ಷಿ ಸಹಿ ಬೇಕಾಗ್ತೈತ್ರಿ," ಅಂದಳು ಓಬುಲೇಶನ ಕಡೆ ನೋಡಿ. ಅವನು ಚಪ್ಪಲಿ ಹುಡುಕತೊಡಗಿದ.

"ಕೊಡಮ್ಮ ಇತ್ಲಾಗೆ," ಎಂದು ಲಕ್ಷ್ಮಕ್ಕ ಸೊಪ್ಪಿನ ಹಸಿರು ಹತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಹಾಳೆಗೆ ಶಾಲೆಯಲ್ಲಿ ಕಲಿತಿದ್ದ ತೆಲುಗಿನಲ್ಲಿ ದುಂಡಗೆ ತನ್ನ ಹೆಸರು ಬರೆದಳು.